ಗೋಡೆ ತೆಗೆಸಿದ್ದೇನೆ, ಸುಚೇತಾ

ನಂಜನಗೂಡು
೧೧ ಫೆಬ್ರವರಿ ೨೦೨೪, ಭಾನುವಾರ

ಪ್ರೀತಿಯ ಸುಚೇತಾಳಿಗೆ ನಿನ್ನ ಅತ್ತೆ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯಮ್ಮ? ಸೊಂಟದ ನೋವು ಕಡಿಮೆಯಾಯಿತೆ? ಊಟ ಸೇರುತ್ತಿದೆಯೆ? ಭಾನುವಾರ ಭಾನುವಾರ ನರಸೀಪುರದ ನಿನ್ನ ತವರಿಗೆ ಬಂದುಹೋಗುವ ನಿನ್ನ ಗಂಡ ಸುಪ್ರೀತನನ್ನು ಕೇಳಿದರೆ ‘ಇದ್ದಾಳೆ’ ಅನ್ನುತ್ತಾನೆ, ಅಷ್ಟೇ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ತಪ್ಪು ಅನ್ನುತ್ತಿಲ್ಲ, ತಾಯಿ. ಅದಕ್ಕೇ ಈ ಕಾಗದ.

ಅಡುಗೆಮನೆಗೂ ನಡುಮನೆಗೂ ನಡುವೆ ಇದ್ದ ಗೋಡೆಯನ್ನು ಹೋದ ತಿಂಗಳು ಒಡೆಸಿದೆ. ಮದುವೆಯಾಗಿ ಬಂದ ವರ್ಷವೇ ನೀನು ಮೊಬೈಲಿನಲ್ಲಿ ಚಿತ್ರ ತೋರಿಸಿ, ‘ಅತ್ತೆ, ಹೀಗೆ ಓಪನ್ ಕಿಚನ್ ಮಾಡ್ಸೋಣ, ಒಗ್ಗರಣೆ ಹಾಕ್ತಾನೇ ನಿಮ್ ಜೊತೆ ಮಾತಾಡ್ಬೋದು’ ಅಂದಿದ್ದೆ. ‘ಬಂದೋರ ಕಣ್ಣೆಲ್ಲಾ ಒಲೆ ಮೇಲೆ ಬೀಳತ್ತೆ, ಮಡಿ ಅಡುಗೆಗೆ ಮರೆ ಬೇಕು’ ಅಂತ ನಾನು ನಿನ್ನ ಬಾಯಿ ಮುಚ್ಚಿಸಿದ್ದೆ. ಆಮೇಲೆ ನೀನು ಕೇಳಲೇ ಇಲ್ಲ. ನಾನು ಗೆದ್ದೆ ಅಂದುಕೊಂಡೆ.

ಶ್ರಾವಣದ ಆ ಶುಕ್ರವಾರ ಐದು ತಿಂಗಳ ಬಸುರಿ ನೀನು, ಅನ್ನದ ಪಾತ್ರೆ ಇಳಿಸುವಾಗ ಕಾಲು ಜಾರಿ ಬಿದ್ದೆ. ಸುಪ್ರೀತ ಶಾಲೆಯಲ್ಲಿ ಪಾಠ ಮುಗಿಸಿ ಬಂದು ನೋಡುವವರೆಗೆ ನೆಲದ ಮೇಲೇ ಇದ್ದೆ. ನಾನು ಆಚೆ ಟೀವಿಯಲ್ಲಿ ಪ್ರವಚನ ಕೇಳುತ್ತಿದ್ದೆ. ಮಗು ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದಾಗ, ‘ಗೋಡೆ ದಪ್ಪ, ನಂಗೇನೂ ಕೇಳಿಸ್ಲಿಲ್ಲ’ ಎಂದು ನಾನು ಎಲ್ಲರ ಮುಂದೆ ಕಣ್ಣೀರಿಟ್ಟೆ. ನೀನು ಮುಖ ಆ ಕಡೆ ತಿರುಗಿಸಿದೆ. ಆಸ್ಪತ್ರೆಯಿಂದ ನೇರ ತವರಿಗೆ ಹೋದವಳು ಇತ್ತ ಬರಲಿಲ್ಲ.

ಮೇಸ್ತ್ರಿ ಮಹಾದೇವಸ್ವಾಮಿ ಆ ಗೋಡೆಯನ್ನು ಮೂರು ದಿನ ಹೊಡೆದ. ‘ಅಬ್ಬಬ್ಬಾ, ಏನ್ ಗ್ವಾಡೆ ಕಣ್ರವ್ವಾ! ಒಳ್ಗಡೆ ಕೂಗ್ಕೊಂಡ್ರೆ ಈಚ್ಗೆ ಎಲ್ ಕೇಳ್ಸದು’ ಅಂದ. ಅಲ್ಲೇ ನಿಂತಿದ್ದ ಸುಪ್ರೀತ ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ಮಗು ಹೋದ ಮೇಲೆ ಅವನು ನನ್ನ ಹತ್ತಿರ ಬಂದದ್ದು ಅದೇ ಮೊದಲು. ಮೇಸ್ತ್ರಿಗೆ ಕಾಫಿ ತರುವ ನೆಪ ಮಾಡಿ ನಾನು ಆ ಕೈಯಿಂದ ಸರಿದುಹೋದೆ.

ಈಗ ಗೋಡೆ ಇದ್ದಲ್ಲಿ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಕರಿ ಗ್ರಾನೈಟು. ನೀನು ತೋರಿಸಿದ ಚಿತ್ರದ ಹಾಗೆಯೇ ಇದೆ. ಒಲೆ ಮುಂದೆ ನಿಂತರೆ ಬೀದಿಬಾಗಿಲವರೆಗೂ ಕಾಣುತ್ತದೆ. ಸಾರು ಕುದಿಯುವಷ್ಟು ಹೊತ್ತು ನೋಡುತ್ತಲೇ ಇರುತ್ತೇನೆ. ಮಾತಾಡಲು ಯಾರೂ ಇಲ್ಲ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮೈ ಜೋಪಾನ. ದೇವರು ನಿನಗೆ ನೆಮ್ಮದಿ ಕೊಡಲಿ.

ನಿನ್ನ ಅತ್ತೆ,
ಪುಟ್ಟಲಕ್ಷ್ಮಿ

ಮತ್ತೆ — ಸುಪ್ರೀತ ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾನೆ. ಅವತ್ತು ನನಗೆ ಕೇಳಿಸಿತ್ತು, ಸುಚೇತಾ. ‘ಅತ್ತೆ’ ಅಂತ ನೀನು ಎರಡು ಸಲ ಕೂಗಿದೆ. ಸಣ್ಣಪುಟ್ಟದಕ್ಕೂ ಕರೀತಾಳೆ, ಪ್ರವಚನ ಮುಗೀಲಿ ಅಂದುಕೊಂಡು ನಾನು ಏಳಲಿಲ್ಲ. ಇದನ್ನು ಅವನಿಗೂ ಹೇಳಿಲ್ಲ, ಬಾಯಿ ಬರುತ್ತಿಲ್ಲ. ಕವರಿಗೆ ಗೋಂದು ಹಚ್ಚದೆ ಅವನ ಕೈಗೆ ಕೊಡುತ್ತಿದ್ದೇನೆ, ‘ದಾರಿಯಲ್ಲಿ ಮೊದಲು ನೀನೇ ಓದೋ’ ಅಂತ ಅವನಿಗೆ ಹೇಳಿ.