ಗುರುವಾರ ‘ಸ್ಪೇರ್ ರೂಮ್’ ಬಾರಿಸಿದರು

ಟೂಂಗಾಬಿ, ಸಿಡ್ನಿ
14 ನವೆಂಬರ್ 2025, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಹರ್ಷಿತಕ್ಕ,

ನಗಬೇಡ, ಇದು ನಿಜವಾದ ಕಾಗದ. ಏಳನೇ ಕ್ಲಾಸ್ ತನಕ ಮಂಗಳೂರಲ್ಲಿ ಕಲಿತ ಕನ್ನಡ ಇವತ್ತು ಉಪಯೋಗಕ್ಕೆ ಬಂತು. ಬೇರೆ ಎಂತ ಮಾಡ್ಲಿ? ನೀನು ಫ್ಯಾನ್ ಗ್ರೂಪ್ ಬಿಟ್ಟು ಹೋಗಿದ್ದೀ, ನನ್ನ ಫೋನೂ ಎತ್ತುವುದಿಲ್ಲ. ಭಾನುವಾರ ಮೆಲ್ಬರ್ನ್ ಶೋ ಮುಗಿಯುವ ತನಕ ನಮ್ಮ ಬ್ಯಾಂಡ್ ಸಾಲ್ಟ್ ಕಮಿಟಿ ಬಗ್ಗೆ ಒಂದು ಅಕ್ಷರ ಕಿವಿಗೆ ಬೀಳಬಾರದು, ಶರಲ್, ನೀನು ಹಲೋ ಅಂದ್ರೆ ಸಾಕು ಯಾವ ಯಾವ ಹಾಡು ಬಾರಿಸಿದ್ರು ಅಂತ ಗೊತ್ತಾಗಿಬಿಡ್ತದೆ ಅಂದವಳು ನೀನೇ. ಮೊದಲು ನೋಡಿದವರು ಬಾಯಿ ಮುಚ್ಚಿಕೊಂಡಿರಬೇಕು, ಅದು ನಮ್ಮ ರೂಲ್. ಏಳು ವರ್ಷದಲ್ಲಿ ನಾನು ಒಮ್ಮೆಯೂ ಮುರಿದಿಲ್ಲ.

ಇವತ್ತು ಮುರೀತೇನೆ. ಜೋಯೆಲ್ ಅಣ್ಣ ನಾಳೆ ಕೆಲಸದ ಮೇಲೆ ಮೆಲ್ಬರ್ನಿಗೆ ಬರ್ತಾನೆ, ಟ್ರುಗನಿನಾದ ನಿನ್ನ ಮನೆಗೇ ಬಂದು ಈ ಕಾಗದ ನಿನ್ನ ಕೈಗೇ ಕೊಡ್ತಾನೆ. ಮೊದಲು ಅವನಿಗೆ ಸೋಮವಾರ ಕೊಡು ಅಂದೆ. ಆಮೇಲೆ ಶನಿವಾರವೇ ಕೊಡು ಅಂದೆ. ಆಮೇಲೆ ಕೊಡುವುದೇ ಬೇಡ ಅಂದೆ. ನಿಂಗೆ ತಲೆ ಸರಿ ಉಂಟಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಸೀರಿಯಸ್ಲಿ ಗೊತ್ತಿಲ್ಲ.

ನಿನ್ನೆ ‘ಸ್ಪೇರ್ ರೂಮ್’ ಬಾರಿಸಿದರು.

ಹೌದು ಮಾರಾಯ್ತಿ, ಅದೇ. ಬ್ಯಾಂಡ್ ಒಡೆಯುವ ಮುಂಚೆ ಮಾಡಿದ ಕೊನೇ ಹಾಡು, ಮತ್ತೆ ಒಂದಾದ ಮೇಲೆ ಯಾವ ಊರಲ್ಲೂ ಮುಟ್ಟದ ಹಾಡು. ನಿನ್ನ ಹಾಡು.

2018 ನೆನಪುಂಟಾ? ನಂಗೆ ಹದಿನಾರು, ಮೆಲ್ಬರ್ನಲ್ಲಿ ವಿಯೋಲಾ ಆಂಟಿ ಮನೆಗೆ ರಜೆಗೆ ಬಂದವಳು ಒಬ್ಬಳೇ ಕ್ಯೂನಲ್ಲಿ ನಿಂತಿದ್ದೆ. ದೊಡ್ಡವರು ಜೊತೆಗಿಲ್ಲದೆ ಬಿಡುವುದಿಲ್ಲ ಅಂದ ಗೇಟಿನವನು. ನಾನು ‘ಅಯ್ಯೋ ದೇವರೇ’ ಅಂದದ್ದು ಕೇಳಿ ಹಿಂದಿನಿಂದ ನೀನು ಬಂದೆ, ಇವಳು ನನ್ನ ತಂಗಿ ಅಂದೆ. ನಮ್ಮಿಬ್ಬರ ಮುಖ ನೋಡಿದ್ರೆ ಯಾರೂ ನಂಬುವ ಹಾಗಿಲ್ಲ. ಅವನು ನಂಬಿದ. ಅವತ್ತು ಶೋ ಮುಗಿದು ಲೈಟ್ ಹಾಕಿದ ಮೇಲೂ ನೀನು ಕದಲಲಿಲ್ಲ. ಸ್ಪೇರ್ ರೂಮ್ ಬಾರಿಸಲಿಲ್ಲ ಅಂದೆ. 2022ರಲ್ಲಿ ನೀನೇ ಸಿಡ್ನಿಗೆ ಬಂದೆ, ಮಮ್ಮಿ ಮಾಡಿದ ಸನ್ನಾ, ಅದೇ ನಮ್ಮ ಇಡ್ಲಿ, ಒಂಬತ್ತು ತಿಂದೆ, ಮಳೆಯಲ್ಲಿ ಐದು ಗಂಟೆ ನೆನೆದೆ. ಅವತ್ತೂ ಇಲ್ಲ.

ಈ ಸಲ ಎರಡೂ ಊರಿನ ಶೋ ಒಟ್ಟಿಗೆ ನೋಡುವ, ಟಿಕೆಟ್ ಬುಕ್ ಮಾಡ್ಲಾ ಅಂತ ನೀನು ಆಗಸ್ಟಲ್ಲಿ ಕೇಳಿದೆ. ಕಸಿನ್‌ನ ರೋಸ್ ಅದೇ ವಾರ ಉಂಟು, ಮಂಗಳೂರಿಂದ ಜನ ಬರ್ತಾರೆ, ಮಲಗಲಿಕ್ಕೆ ಜಾಗ ಇಲ್ಲ ಅಂದೆ. ರೋಸ್ ಅಂದ್ರೆ ಎಂತ ಅಂತ ಕೇಳಿದೆ ನೀನು. ಮದುವೆ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು ಅಂದೆ. ನನ್ನ ಪರವಾಗಿ ಒಂದು ಚಮಚ ಜಾಸ್ತಿ ಹಚ್ಚು ಅಂತ ಹೇಳಿ ಒಂದು ಸೀರೆ ಬೇರೆ ಕಳಿಸಿದೆ. ಹಸಿರು ಸೀರೆ. ಅದು ನನ್ನ ಕಪಾಟಿನಲ್ಲಿ ಉಂಟು ಅಕ್ಕ. ರೋಸ್ ಇಲ್ಲ, ಮದುಮಗಳೂ ಇಲ್ಲ. ಇದು ಯಾರ ಸೀರೆ ಅಂತ ಮಮ್ಮಿ ಎರಡು ಸಲ ಕೇಳಿದ್ರು.

ಯಾಕೆ ಸುಳ್ಳು ಹೇಳಿದೆ? ಬೇರೆ ಯಾರ ಜೊತೆಗೂ ಹೋಗಲಿಕ್ಕಲ್ಲ, ಅದೊಂದು ನಂಬು. ನಾನು ಯಾವಾಗಲೂ ಹಾಡು ಶುರುವಾದ ಕೂಡಲೇ ಮೊದಲು ನಿನ್ನ ಮುಖ ನೋಡ್ತೇನೆ. ನೀನು ಕಣ್ಣು ಮುಚ್ಚಿದ್ರೆ ಅದು ಒಳ್ಳೆ ಹಾಡು. ಗ್ರೂಪಲ್ಲಿ ನಾನು ಬರೆದದ್ದೆಲ್ಲ ನೀನು ಒಂದು ದಿನ ಮೊದಲು ಹೇಳಿದ್ದೇ. ನಂಗೆ ಈ ಬ್ಯಾಂಡ್ ಇಷ್ಟವಾ, ನೀನು ಇಷ್ಟವಾ? ಒಮ್ಮೆ ಒಬ್ಬಳೇ ನಿಂತು ನೋಡುವ ಅನಿಸ್ತು.

ನೋಡಿದೆ. ಇನ್ನೂ ಗೊತ್ತಾಗಲಿಲ್ಲ. ಮೊದಲ ಅರ್ಧ ಗಂಟೆ ಸುಮ್ಮನೆ ನೀನು ನಿಲ್ಲುವ ಎಡಗಡೆಗೇ ತಿರುಗ್ತಿದ್ದೆ. ಅಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿದ ಒಬ್ಬ ಅಂಕಲ್, ಪ್ರತಿ ಸಲ ನನ್ನನ್ನು ನೋಡಿ ನಗ್ತಿದ್ದ. ಹಾಡುವವನು ಈಗ ಸಾಲುಗಳನ್ನು ಸ್ಕ್ರೀನ್ ನೋಡಿ ಹಾಡ್ತಾನೆ. ಪಾಪ ಅನಿಸ್ತು, ಸಿಟ್ಟೂ ಬಂತು. ಆಮೇಲೆ ಸ್ಪೇರ್ ರೂಮ್. ಅದೊಂದನ್ನು ಮಾತ್ರ ಅವನು ಸ್ಕ್ರೀನ್ ನೋಡದೆ ಹಾಡಿದ. ನಾನು ಅತ್ತೆ, ಮೂಗು ಸೋರುವ ಹಾಗೆ. ಅಷ್ಟು ಖುಷಿ ನಂಗೆ ಯಾವತ್ತೂ ಆಗಿಲ್ಲ. ಕೊನೇ ತಂತಿ ನಿಲ್ಲುವ ತನಕ ನಿನ್ನ ನೆನಪೇ ಬರಲಿಲ್ಲ. ಇದು ಒಳ್ಳೆಯದಾ ಕೆಟ್ಟದ್ದಾ, ನೀನೇ ಹೇಳು. ನಿನ್ನನ್ನು ಕೇಳದೆ ಇಷ್ಟಪಟ್ಟ ಮೊದಲನೇ ಹಾಡು ಅದು, ಅದೇ ನಿನ್ನದಾಗಿರಬೇಕಾ?

ಹೇಗೆ ಬಾರಿಸಿದ್ರು, ಯಾಕೆ ಬಾರಿಸಿದ್ರು ಅಂತ ಮಾತ್ರ ಕೇಳಬೇಡ. ಬಾರಿಸಿದ್ರು, ಅಷ್ಟೆ. ಸೀರೆ ಜೋಯೆಲ್ ಕೈಯಲ್ಲಿ ವಾಪಸ್ ಕಳಿಸ್ಲಾ ಅಂತ ಯೋಚಿಸಿದೆ, ಕಳಿಸಲಿಲ್ಲ. ಬೈಯಲಿಕ್ಕಾದ್ರೂ ನೀನು ಫೋನ್ ಮಾಡ್ತಿ ಅಂತ.

ಇನ್ನೂ ನಿನ್ನವಳೇ ಅಂದುಕೊಂಡಿರುವ,
ಶರಲ್

ಮರೆತದ್ದಲ್ಲ, ಬರೆಯಲಿಕ್ಕೆ ಹೆದರಿದ್ದು: ಈ ಟೂರಲ್ಲಿ ಹಾಡುವವನು ಪ್ರತಿ ಶೋದಲ್ಲೂ ಆರನೇ ಹಾಡಾದ ಮೇಲೆ ಎದುರು ಸಾಲಿನ ಒಬ್ಬರಿಗೆ ಮೈಕ್ ಕೊಡ್ತಾನೆ. ಯಾವ ಹಾಡು ಬೇಕು, ಯಾಕೆ ಬೇಕು ಅಂತ ಕೇಳ್ತಾನೆ. ಕಥೆ ಮನಸ್ಸಿಗೆ ಹಿಡಿಸಿದ್ರೆ ಬಾರಿಸ್ತಾರೆ. ನಿನ್ನೆ ಮೈಕ್ ನನ್ನ ಕೈಗೆ ಬಂತು. ನನ್ನ ಹತ್ತಿರ ಕಥೆಯೇ ಇರಲಿಲ್ಲ ಅಕ್ಕ. ಬಾಯಿ ತೆರೆದ್ರೆ ನಿನ್ನದು ಬಂತು. ನಾನು ಸ್ಟೂಡೆಂಟ್ ಆಗಿ ಒಬ್ಬಳೇ ಬಂದೆ, ವೇರ್‌ಹೌಸಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆ, ಮೊದಲ ಚಳಿಗಾಲದಲ್ಲೇ ಸೋತು ಊರಿಗೆ ಹೋಗಲಿಕ್ಕೆ ಬ್ಯಾಗ್ ತುಂಬಿದ್ದೆ, ಬಸ್ಸಲ್ಲಿ ಈ ಹಾಡು ಕೇಳ್ತಾ ಇಳಿಯುವ ಸ್ಟಾಪ್ ದಾಟಿ ಹೋಯ್ತು, ನಡೆದು ವಾಪಸ್ ಬಂದು ಬ್ಯಾಗ್ ಖಾಲಿ ಮಾಡಿದೆ ಅಂತ ಹೇಳಿದೆ. ‘ನಾನು’ ಅಂತಲೇ ಹೇಳಿದೆ. ನಿಂಗೆ ಅದೆಲ್ಲ ಆದ ವರ್ಷ ನಾನು ಎಂಟನೇ ಕ್ಲಾಸಲ್ಲಿ ಮಮ್ಮಿ ಕಟ್ಟಿದ ಬುತ್ತಿ ತಿಂತಿದ್ದೆ. ಅವನು ಸ್ಟೇಜಿನ ಅಂಚಿಗೆ ಬಂದು ಮೊಣಕಾಲೂರಿ ಕೂತು ಕೇಳಿದ.

ಭಾನುವಾರವೂ ಕೇಳ್ತಾನೆ. ನೀನು ಬೆಳಿಗ್ಗೆಯೇ ಹೋಗಿ ಎದುರು ಸಾಲಲ್ಲಿ ನಿಂತಿರ್ತಿ, ಕೈ ಎತ್ತುತ್ತಿ. ನಿನ್ನ ಕಥೆ ಹೇಳು. ಇದನ್ನು ಗುರುವಾರವೇ ಕೇಳಿದ್ದೇನೆ ಅಂತ ಅವನು ನಕ್ಕರೆ, ಅದು ಕದ್ದದ್ದು ಅಂತ ಮೈಕಲ್ಲೇ ಹೇಳು. ನನ್ನ ಹೆಸರು ಹೇಳು.