ಗಿರಣಿ ಹಾಡಿನ ಗುಂಯ್ ಸದ್ದು ತೆಗೆದವರಿಗೆ

ಇಸವಿ ೨೨೪೧, ಫೆಬ್ರವರಿ ೩೦

ಹಳೆಯ ಹಾಡುಗಳ ಧ್ವನಿಮುದ್ರಣ ಶುಚಿ ಮಾಡುವ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಓಣಿಯ ಮಾಳವ್ವ, ಮೊನ್ನೆ ಮಧ್ಯಾಹ್ನ, ಗಾಳಿಕಟ್ಟೆಯ ಮೇಲೆ. ಗಾಳಿಕಟ್ಟೆ ಎಂದರೆ ನೆಲದಡಿಯ ತಂಪು ಮೇಲೆ ಬರುವ ಜಗಲಿ. ನಮ್ಮ ಬಿಸಿಲಿಗೆ ಅದಿಲ್ಲದೆ ಆಗದು. ಫೆಬ್ರವರಿಗೆ ಮೂವತ್ತು ಹೇಗೆ ಬಂತೆಂದು ಕೇಳಬೇಡಿ, ಅದು ಬೇರೆಯೇ ಜಗಳ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಮಾತ್ರ ನಿಮಗೂ ಅರ್ಥವಾಗುವಂಥದ್ದೇ.

ಮಾಳವ್ವನ ತಮ್ಮನಿಗೆ ಹೆಣ್ಣುಮಗುವಾಗಿ ಹನ್ನೊಂದು ತಿಂಗಳಾಯಿತು. ಇನ್ನೂ ಹೆಸರಿಲ್ಲ. ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆಯಾದ ಮಾಳವ್ವನೇ. ಆದರೆ ಆ ಮನೆಯ ಹೆಣ್ಣುಮಕ್ಕಳಿಗೆ ಬಾಯಿಗೆ ಬಂದ ಹೆಸರಿಡುವಂತಿಲ್ಲ. ನಿಮ್ಮ ಕಾಲದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಈರಬಸವ್ವ ಒಂದು ಜೋಗುಳ ಕಟ್ಟಿ, ಮುಂದಿನ ಏಳು ತಲೆಮಾರಿಗೆ ಏಳು ಹೆಸರು ಅದರಲ್ಲಿ ಇಟ್ಟು ಹೋಗಿದ್ದಾಳೆ. ಒಂದೊಂದು ಸಾಲಿನ ಕೊನೆಗೆ ಒಂದೊಂದು ಹೆಸರು. ಆರು ಮುಗಿದವು. ಏಳನೆಯದು ಯಾರಿಗೂ ನೆನಪಿಲ್ಲ. ಮುದ್ರಣ ಇದೆಯಲ್ಲ ಎಂದು ಎಲ್ಲರೂ ನಿಶ್ಚಿಂತರಾಗಿದ್ದರು. ಅದು ನಮ್ಮವರ ತಪ್ಪು, ಒಪ್ಪಿದೆ.

ಕಟ್ಟೆಯ ಮೇಲೆಯೇ ಕೇಳುಗಿಂಡಿ ತೆಗೆದೆವು. ಹಳೆಯ ದನಿಗಳನ್ನು ತುಂಬಿಟ್ಟ ಪಾತ್ರೆ ಅದು. ಹಾಡಿನ ಜೊತೆ ನಿಮ್ಮವರೊಬ್ಬರ ಟಿಪ್ಪಣಿ: ‘ಗಿರಣಿಯಲ್ಲಿ ಮುದ್ರಿಸಿದ್ದು. ಕರೆಂಟಿನ ಗುಂಯ್ ಸದ್ದು ಸಂಪೂರ್ಣ ತೆಗೆದಿದೆ. ಮೂಲ ಅಳಿಸಿದೆ.’ ಏನು ಹೆಮ್ಮೆ! ಮಾರಾಯರೇ, ಅಳಿಸುವ ಅವಸರವೇನಿತ್ತು?

ಈರಬಸವ್ವನಿಗೆ ತಂಬೂರಿ ಎಲ್ಲಿಂದ ಬರಬೇಕು? ಗಿರಣಿ ಚಾಲೂ ಮಾಡದೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಮೋಟಾರಿನ ಗುಂಯ್ ಸದ್ದೇ ಅವಳ ಶ್ರುತಿ. ಆ ಸದ್ದು ಒಂದೇ ಕಡೆ ಕೂರುವುದಿಲ್ಲ. ಸೆಕೆಂಡಿಗೆ ಐವತ್ತು ಕಂಪನ, ನೂರು, ನೂರೈವತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೀವು ಒಂದೂ ಬಿಡದೆ ಪ್ರತಿ ಮೆಟ್ಟಿಲನ್ನೂ ಕತ್ತರಿಸಿದಿರಿ. ಸಾಲಿನ ಕೊನೆಗೆ ಅವಳು ಬಂದು ನಿಲ್ಲುತ್ತಿದ್ದ ಸ್ವರವೂ ಅದೇ ಮೆಟ್ಟಿಲುಗಳ ಮೇಲಿತ್ತು. ಕತ್ತರಿಸಿದಾಗ ಅದೂ ಹೋಯಿತು. ಹಾಡೆಲ್ಲ ಸ್ಫಟಿಕದಂತೆ ಕೇಳುತ್ತದೆ. ಹೆಸರು ಬಂದಲ್ಲಿ ಮಾತ್ರ ದನಿ ಇಲ್ಲ. ಏಳನೆಯ ಸಾಲಿನ ಕೊನೆಗೆ ಉಳಿದಿರುವುದು ಒಂದು ‘ಸ್’, ಒಂದು ‘ಕ್’.

ಮಾಳವ್ವ ಇಷ್ಟು ಹೇಳಿ ಮುಗಿಸುವುದರೊಳಗೆ ಕಟ್ಟೆಯ ಮೇಲೆ ಜಗಳ ಹತ್ತಿತು.

“ಸುಂಕವ್ವ ಅಂತೈತಿ, ತಿಳಿಯಂಗಿಲ್ಲೇನ?” ಎಂದಳು ಎದುರುಮನೆಯ ನೀಲಗಂಗವ್ವ.

“ನಿಮ್ಮ ಅಜ್ಜಿ ಹೆಸರ ಇದರಾಗ ತುರಕಬ್ಯಾಡ ಯಕ್ಕಾ. ಸೋಮಕ್ಕ ಅದು,” ಎಂದಳು ಪಾರಮ್ಮ.

“ನಿನ್ನ ಕಿವ್ಯಾಗ ಅರಳೆ ಇಟಗೊಂಡೀ ಏನ? ಸಾವಕ್ಕ!” ಎಂದಳು ಇನ್ನೊಬ್ಬಳು.

ಮಗುವಿನ ತಾಯಿ ರುದ್ರವ್ವ ಕಣ್ಣೊರೆಸಿಕೊಂಡಳು. “ನೀವು ಬಡದಾಡ್ರಿ. ನನ್ನ ಮಗಳು ‘ಕೂಸಾ’ ಅನಿಸಿಕೊಂಡೇ ಮುದುಕಿ ಆಗ್ಲಿ.”

ಆದ್ದರಿಂದ ಹಿರಿಯರೇ, ಕೈಮುಗಿದು ಕೇಳುತ್ತೇನೆ: ಶುಚಿ ಮಾಡಿ, ಬೇಕಾದಷ್ಟು ಮಾಡಿ, ಆದರೆ ಕೊಳೆಯಾದ ಪ್ರತಿಯನ್ನೂ ಒಂದು ಮೂಲೆಯಲ್ಲಿಡಿ. ಸದ್ದು ಯಾವುದು, ಹಾಡು ಯಾವುದು ಎಂದು ಹಾಡಿದವರನ್ನು ಒಮ್ಮೆ ಕೇಳಿ. ಅವರು ಗಿರಣಿಯಲ್ಲೇ ಇರುತ್ತಾರೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕಥೆ ಕೇಳಿದ ಹದಿನಾಲ್ಕು ಮಂದಿ ಹೆಂಗಸರೂ ಮಿಂದು, ರುದ್ರವ್ವನ ಮನೆಗೆ ಹೋಗಿ ತೊಟ್ಟಿಲು ಕಟ್ಟಿದರು. ಸೋಲಲು ಯಾರೂ ಸಿದ್ಧರಿರಲಿಲ್ಲ. ಸೋದರತ್ತೆ ಮಾಳವ್ವನೇ ಸರಿದು ದಾರಿ ಬಿಟ್ಟಳು. ಒಬ್ಬೊಬ್ಬರೇ ಬಗ್ಗಿ, ಮಗುವಿನ ಕಿವಿಯಲ್ಲಿ ಕುರ್ರ್ ಎಂದು, ತಮಗೆ ಕೇಳಿಸಿದ ಹೆಸರನ್ನು ಹೇಳಿದರು. ಹದಿನಾಲ್ಕೂ ತಪ್ಪಿರಬಹುದು. ಮಗು ಮಾತ್ರ ಪ್ರತಿ ಹೆಸರಿಗೂ ಕಿವಿ ಉಜ್ಜಿಕೊಂಡು ನಗುತ್ತಿತ್ತು.