ಚುಕ್ಕೆ ಗೆರೆಯ ಕೆಳಗಿನ ಚೌಕ

ಸಿಂದಗಿ
೨೧ ಜನವರಿ ೨೦೦೧, ರವಿವಾರ

ಪುಣೆಯಲ್ಲಿರುವ ನಮ್ಮ ಮನೆಯವರಿಗೆ ಕಾವೇರಿಯ ವಂದನೆಗಳು.

ನಾನೂ ಅತ್ತೆಯವರೂ ಆರಾಮ ಇದ್ದೇವೆ. ನಿಮ್ಮ ಪತ್ರ ಬುಧವಾರ ಬಂತು. ಫೆಬ್ರುವರಿ ಹನ್ನೆರಡಕ್ಕೆ ನಾನು ಪುಣೆಗೆ ಬಂದು, ಮೂರು ದಿನ ನಿಮ್ಮ ಜೊತೆ ಕಾಲೇಜಿನ ಮೇಡಮ್ಮರ ಮುಂದೆ ಕುಳಿತು ನಮ್ಮ ಸಂಸಾರದ ವಿಷಯ ಮಾತಾಡಬೇಕು ಎಂದು ಬರೆದಿದ್ದೀರಿ. ಬೇರೆಯವರ ಮನೆ ಸರಿಪಡಿಸಲು ಹೋಗುವವರು ಮೊದಲು ತಮ್ಮ ಮನೆ ನೋಡಿಕೊಳ್ಳಬೇಕಂತೆ. ಕೊನೆಯಲ್ಲಿ, ನೀನು ಬಾರದಿದ್ದರೆ ನಮ್ಮಿಬ್ಬರ ನಡುವೆ ಏನು ಉಳಿದಿದೆ ಎಂಬುದು ನನಗೆ ತಿಳಿದಂತಾಗುತ್ತದೆ ಎಂದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಇದು ಕರೆಯುವ ಮಾತೋ, ಕೈಬಿಡುವ ಮಾತೋ?

ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರದಲ್ಲಿಯೇ ಬರೆಯುತ್ತೇನೆ. ನನಗೆ ನಿಮ್ಮ ಮೇಲೆ ಸಂಶಯವಿದೆ.

ನಮ್ಮ ಚರ್ಚಿನ ಸಭೆಯ ಹಿರಿಯರು ನಿಮ್ಮನ್ನು ಪುಣೆಗೆ ಓದಲು ಕಳಿಸಿದಾಗ ನಾನು ಬೇಡ ಅಂದಿರಲಿಲ್ಲ. ಮುನಿಸಿಕೊಂಡ ಗಂಡಹೆಂಡಿರನ್ನು ಕೂಡಿಸಿ ಮಾತಾಡಿಸುವುದು, ಕ್ರಿಸ್ತನ ಮಾತಿನಂತೆ ದಾರಿ ತೋರಿಸುವುದು, ಅದಕ್ಕೆ ಎರಡು ವರ್ಷದ ಓದು ಎಂದಿರಿ. ಒಳ್ಳೆಯದೇ ಅಂದುಕೊಂಡೆ. ಆದರೆ ಕ್ರಿಸ್‌ಮಸ್ ರಜೆಗೆ ಬಂದಾಗ ನೀವು ಮೊದಲಿನಂತಿರಲಿಲ್ಲ. ನೋಟಬುಕ್ಕು ಹಿಡಿದು ಫೌಜದಾರನ ಹಾಗೆ ಕೇಳುತ್ತಿದ್ದಿರಿ.

"ಅವ್ವಾ, ಅಪ್ಪ ತೀರಿಕೊಂಡಾಗ ನಿನಗ ಏನ ಅನಸ್ತು?"

"ಏನ ಅನಸ್ತೈತಿ? ಮೂರು ಮಕ್ಕಳು ಹಸದು ಕುಂತಿದ್ವು. ಅಳೂದ ಬಿಟ್ಟು ರೊಟ್ಟಿ ಬಡದ್ನಿ. ಇದನ್ನ ಕೇಳಾಕ ಕಲ್ಯಾಕ ಪುಣೇತನಕ ಹೋಗಬೇಕಾತೇನೋ ಸಂಜ್ಯಾ?"

ಅತ್ತೆಯವರ ಮಾತಿಗೆ ನಾನು ಒಳಗೆ ನಕ್ಕೆ. ಆಮೇಲೆ ನೀವು ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದು, "ಕಾವೇರಿ, ನಿನ್ನ ಮನಸಿನ್ಯಾಗ ನನಗ ಹೇಳದ್ದು ಏನರ ಐತೇನು?" ಎಂದಿರಿ. "ಏನಿಲ್ರಿ" ಎಂದು ಯಂತ್ರ ತುಳಿದೆ. ಅಂದಿನಿಂದ ಯೋಚಿಸುತ್ತಿದ್ದೇನೆ. ಇವರು ಹಾಗೇಕೆ ಕೇಳಿದರು? ಯಾರಾದರೂ ಏನಾದರೂ ಹೇಳಿದರೇ?

ಈಗ ಪತ್ರದಲ್ಲಿಯೂ ಅದೇ ಮಾತು. ದೇವರ ಮುಂದೆ ಕೈಹಿಡಿದವರು ಒಬ್ಬರಿಗೊಬ್ಬರು ಮುಚ್ಚಿಡಬಾರದು, ಒಪ್ಪಿಕೊಳ್ಳದೆ ಕ್ಷಮೆ ಸಿಗುವುದಿಲ್ಲ ಎಂದು ಮೇಡಮ್ಮರು ಕಲಿಸುತ್ತಾರೆಂದು ಬರೆದಿದ್ದೀರಿ. ಅದು ಪಾಠವೋ, ನನಗೇ ಹೇಳಿದ್ದೋ?

ಇನ್ನು ನಿಮ್ಮ ಜೊತೆ ಓದುವ ಆ ಸುನಂದಾ ಬಾಯಿಯವರ ವಿಷಯ. ತರಗತಿಯಲ್ಲಿ ಎರಡು ಕುರ್ಚಿ ಹಾಕಿ ನೀವು ಗಂಡನಾಗಿ, ಅವರು ಹೆಂಡತಿಯಾಗಿ ಕುಳಿತು ಅಭ್ಯಾಸ ಮಾಡುತ್ತೀರಂತೆ. ನನ್ನ ಮಾತುಗಳನ್ನು ಅವರು ಆಡುತ್ತಾರಂತೆ. ಒಂದು ದಿನ ನನ್ನ ಪರವಾಗಿ ಅತ್ತೇಬಿಟ್ಟರಂತೆ. ನಾನು ನಿಮ್ಮ ಮುಂದೆ ಯಾವಾಗ ಅತ್ತಿದ್ದೇನೆ? ಆಡದ ಮಾತು, ಅಳದ ಅಳು ಅವರಿಗೆ ಹೇಗೆ ಗೊತ್ತಾಯಿತು? ನೀವು ಅವರಿಗೆ ನನ್ನ ಬಗ್ಗೆ ಏನೇನು ಹೇಳಿದ್ದೀರಿ?

ಇಷ್ಟಕ್ಕೇ ನಿಲ್ಲಲಿಲ್ಲ. ನೀವು ಹೋದ ಮೇಲೆ ಟ್ರಂಕಿನಲ್ಲಿ, ನಿಮ್ಮ ಹಳೆಯ ಸತ್ಯವೇದ ಬೈಬಲಿನ ಹೊದಿಕೆಯೊಳಗೆ ಒಂದು ಹಾಳೆ ಸಿಕ್ಕಿತು. ತುಂಬ ಚೌಕಗಳು, ಗುಂಡುಗಳು, ಗೆರೆಗಳು, ಇಂಗ್ಲಿಷ್ ಅಕ್ಷರ. ನಿಮ್ಮ ಹೆಸರೂ ನನ್ನ ಹೆಸರೂ ಮಾತ್ರ ಕನ್ನಡದಲ್ಲಿದ್ದವು. ನಡುವೆ ಚುಕ್ಕೆ ಚುಕ್ಕೆಯ ಗೆರೆ. ನನ್ನ ಹೊಲಿಗೆಯ ಕಾಗದದಲ್ಲಿ ಚುಕ್ಕೆ ಗೆರೆ ಹಾಕುವುದು ಕತ್ತರಿ ಆಡುವ ಜಾಗಕ್ಕೆ. ನನ್ನನ್ನು ಕತ್ತರಿಸಿ ತೆಗೆಯುವ ಕಾಗದ ಇದೇ ಅಂದುಕೊಂಡೆ.

ಓದಿಸಲು ಸಿದ್ದಲಿಂಗವ್ವ ನರ್ಸಬಾಯಿಯ ಮನೆಗೆ ಹೋದೆ. ನನ್ನ ಹೆರಿಗೆ ಮಾಡಿಸಿದವರೂ ಅವರೇ ಅಲ್ಲವೇ. ಚಷ್ಮಾ ಏರಿಸಿ ಓದಿದರು.

"ಇದು ನಿಮ್ಮ ವಂಶದ ನಕಾಶಿ ಬೇ. ಮೂಲ್ಯಾಗ ಗುರುತು ಬರದಾನ. ಚೌಕ ಅಂದ್ರ ಗಂಡು, ಗುಂಡಗ ಇದ್ರ ಹೆಣ್ಣು. ಮ್ಯಾಲ ಕತ್ತರಿ ಗೆರಿ ಹೊಡದಿದ್ರ ತೀರಿಕೊಂಡವರು."

"ಈ ಚುಕ್ಕಿ ಗೆರೀರಿ?"

"ಒಂದ ಮನ್ಯಾಗಿದ್ದೂ ದೂರ ಆದವರು."

ಸಂಸಾರ ಬಿಟ್ಟು ಬೇರೆಯಾದವರಿಗೆ ಇನ್ನೊಂದು ಗುರುತು ಇದೆಯಂತೆ, ಅದನ್ನು ನೀವು ಹಾಕಿರಲಿಲ್ಲ. ನನ್ನ ಜೀವ ಹಿಂದಕ್ಕೆ ಬಂತು. ಅಷ್ಟರಲ್ಲಿ ಅವರ ಬೆರಳು ಚುಕ್ಕೆ ಗೆರೆಯ ಕೆಳಗೆ ನಿಂತಿತು. ಅಲ್ಲೊಂದು ಸಣ್ಣ ಚೌಕ, ಅದರ ಮೇಲೆ ಕತ್ತರಿ ಗೆರೆ. "ಮಗ, ೧೯೯೭" ಎಂದು ಓದಿದರು. ಪಕ್ಕದಲ್ಲಿದ್ದ ಇನ್ನೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು: ಈತನ ಬಗ್ಗೆ ನಾವು ಇಂದಿಗೂ ಮಾತಾಡಿಲ್ಲ. ಸಿದ್ದಲಿಂಗವ್ವ ಹಾಳೆ ಮಡಚಿ ನನ್ನ ಕೈಗಿಟ್ಟರು. ನನ್ನ ಮುಖ ನೋಡಿದರು.

ಬಸುರಿಯಿದ್ದಾಗ ನೀವು ಎಷ್ಟು ಮಾತಾಡುತ್ತಿದ್ದಿರಿ! ಮಗಳೇ ಬೇಕು, ಎಸ್ತೇರ ಎಂದೇ ಕರೆಯೋಣ ಎಂದು ಸಭೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಿರಿ. ಕೂಸು ಉಸಿರಿಲ್ಲದೆ ಬಂದಾಗ ನೀವು ಮುದ್ದೇಬಿಹಾಳದ ಪ್ರಾರ್ಥನಾ ಕೂಟದಲ್ಲಿದ್ದಿರಿ, ಅತ್ತೆಯವರು ಝಳಕಿಯಲ್ಲಿದ್ದರು. ಮೂರನೆಯ ದಿನ ಬಂದು, ಮಣ್ಣಾಗಿದೆ ಎಂದು ಕೇಳಿ, ಒಂದು ಲೋಟ ನೀರು ಕುಡಿದು ಸುಮ್ಮನೆ ಕುಳಿತಿರಿ. ಕಣ್ಣೀರು ಹಾಕಲಿಲ್ಲ. ಈ ಮನುಷ್ಯನಿಗೆ ಕರುಳಿಲ್ಲ ಎಂದು ಆ ಹೊತ್ತೇ ಸಂಶಯ ಪಟ್ಟವಳು ನಾನು. ನಾಲ್ಕು ವರ್ಷ ಅದನ್ನೇ ಹಿಡಿದುಕೊಂಡು ಬದುಕಿದೆ. ಈಗ ನೋಡಿದರೆ ಸತ್ಯವೇದದೊಳಗೆ ಆ ಚೌಕವನ್ನು ಇಟ್ಟುಕೊಂಡಿದ್ದೀರಿ.

ಹನ್ನೆರಡಕ್ಕೆ ಬರುತ್ತೇನೋ ಇಲ್ಲವೋ, ಇಷ್ಟು ಬರೆದರೂ ಹೇಳಲಾರೆ. ಮೇಡಮ್ಮರು ನನ್ನನ್ನೂ ಏನಾದರೂ ಮುಚ್ಚಿಟ್ಟಿದ್ದೀಯಾ ಎಂದು ಕೇಳಿದರೆ ಅಲ್ಲಿ ತುಳಿಯಲು ಹೊಲಿಗೆ ಯಂತ್ರ ಇರುವುದಿಲ್ಲ. ಸ್ವೆಟರ್ ಹಾಕಿಕೊಳ್ಳಿರಿ, ಅಲ್ಲಿ ಚಳಿ ಹೆಚ್ಚಂತೆ.

ನಿಮ್ಮವಳು,
ಕಾವೇರಿ

ತಾ.ಕ.: ಪಾಕೀಟಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ಚೌಕ ತಪ್ಪು. ಅಲ್ಲಿ ಗುಂಡಗೆ ಬರೆಯಬೇಕು. ನೀವು ಬೇಡಿಕೊಂಡಿದ್ದ ಎಸ್ತೇರಳೇ ಬಂದಿದ್ದಳು. ತಲೆತುಂಬ ಕೂದಲಿತ್ತು. ನನ್ನ ಹಸಿರು ಸೀರೆಯ ತುಂಡಿನಲ್ಲಿ ನಾನೇ ಸುತ್ತಿ ಕೊಟ್ಟೆ. ಮಗಳು ಎಂದು ಕೇಳಿದರೆ ನೀವು ತಡೆಯಲಾರಿರಿ ಎಂದು ಹೆದರಿ, ಗಂಡು ಎಂದೇ ಹೇಳಬೇಕೆಂದು ಸಿದ್ದಲಿಂಗವ್ವನ ಕಾಲು ಹಿಡಿದೆ. ಸುಳ್ಳು ಹೇಳಿದವಳು ನಾನು, ಅಳಲಿಲ್ಲವೆಂದು ನಿಮ್ಮನ್ನು ದೂರಿದವಳೂ ನಾನು. ಇದನ್ನು ಓದಿದ ಮೇಲೂ ಬಾ ಎನ್ನುವಿರಾದರೆ ಒಂದು ಕಾರ್ಡು ಹಾಕಿರಿ. ಆ ಹಾಳೆ ತರುತ್ತೇನೆ, ಇಬ್ಬರೂ ಕೂಡಿ ತಿದ್ದೋಣ. ಸುನಂದಾ ಬಾಯಿಯವರಿಗೆ ನನ್ನ ಕುರ್ಚಿ ಬಿಟ್ಟುಕೊಡಲು ಹೇಳಿರಿ.